ಮೈತ್ರಿ ನಿಲಯದ ಹಳೆಯ ರೂಟರ್

ಮಸ್ಕಿಯಲ್ಲಿ ಯಾರ ಮನೆಯ ಇಂಟರ್‌ನೆಟ್ ನಿಂತರೂ ಜನ ಕಂಪನಿಯ ನಂಬರಿಗೆ ಫೋನ್ ಮಾಡುವ ಗೋಜಿಗೆ ಹೋಗುತ್ತಿರಲಿಲ್ಲ. ನೇರವಾಗಿ ಸಂಗನಬಸವನಿಗೆ ಮಾಡುತ್ತಿದ್ದರು. ಅವನೂ ಕೈಯಲ್ಲಿನ ರೊಟ್ಟಿ ಬಿಟ್ಟು ಬೈಕು ಹತ್ತುವ ಆಸಾಮಿ. ಹುಟ್ಟಿದ್ದು ಗೊರೇಬಾಳದಲ್ಲಿ, ಕಾಲುವೆ ನೀರಿನ ಗದ್ದೆಗಳ ನಡುವೆ. ಅಣ್ಣಂದಿರು ಗದ್ದೆಗೆ ಇಳಿದರೆ ಇವನು ಹತ್ತೊಂಬತ್ತನೇ ವಯಸ್ಸಿಗೆ ಸಿಂಧನೂರಿನ ಕೇಬಲ್ ಟಿವಿಯವರ ಹತ್ತಿರ ಸೇರಿ ಕಂಬ ಹತ್ತಿದ. ಮನೆಮನೆಗೂ ಡಿಶ್ ಬಂದು ಕೇಬಲ್ ಸತ್ತಾಗ ಲಿಂಗಸುಗೂರಿನ ಇಂಟರ್‌ನೆಟ್ ಕಚೇರಿಯೊಂದರಲ್ಲಿ ಕೆಲಸ ಹಿಡಿದ. ಮಸ್ಕಿ ಭಾಗವನ್ನು ಅವನಿಗೇ ವಹಿಸಿದರು. ಹೀಗಾಗಿ ಹೆಂಡತಿ ಮಹೇಶ್ವರಿ, ಮಗಳು ಐಶ್ವರ್ಯ, ತಾಯಿ ಪಂಪಮ್ಮನ ಜೊತೆ ಮಸ್ಕಿಯಲ್ಲೇ ಒಂದು ಹಳೆಯ ಮನೆ ಹಿಡಿದು ನೆಲೆಯೂರಿದ.

ಇಪ್ಪತ್ತೈದು ವರ್ಷ ಪರರ ಮನೆಗಳಲ್ಲಿ ಓಡಾಡಿದ ಮನುಷ್ಯ. ಬೀರು ತೆರೆದಿಟ್ಟು, ಹೆಣ್ಣುಮಕ್ಕಳನ್ನು ಮನೆಯಲ್ಲಿ ಬಿಟ್ಟು, “ನೀವ ನೋಡಿ ಮಾಡ್ರಿ” ಎಂದು ಜನ ಹೊರಗೆ ಹೋಗುತ್ತಿದ್ದರು. ಆ ನಂಬಿಕೆಯ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಲಿಂಗಸುಗೂರಿನ ಕಚೇರಿಯಲ್ಲಿ ಹೊಸಬರಿಗೆ, “ಮಂದಿ ಮನಿ ಸಾಮಾನಕ್ಕ ಕೈ ಹಚ್ಚಬ್ಯಾಡ್ರಲೇ, ನಮ್ಮ ಹೊಟ್ಟಿ ತುಂಬೂದು ಅದರ ಮ್ಯಾಲ” ಎಂದು ಹೇಳುತ್ತಿದ್ದವನೂ ಅವನೇ.

ಅಂಥವನ ಸ್ವಂತ ಮನೆಯಲ್ಲಿ ವೈಫೈ ಸರಿಯಾಗಿ ಬರುತ್ತಿರಲಿಲ್ಲ. ಮುಂದಿನ ಪಡಸಾಲೆಯಲ್ಲಿ ಚೆನ್ನಾಗಿತ್ತು. ನಡುಮನೆ ದಾಟಿ ಹಿಂದಿನ ಖೋಲಿಗೆ ಹೋದರೆ ಎರಡು ಮೊಳ ದಪ್ಪದ ಕಲ್ಲಿನ ಗೋಡೆಗಳು ಅದನ್ನು ನುಂಗಿಬಿಡುತ್ತಿದ್ದವು. ಪಂಪಮ್ಮ ಮಲಗುತ್ತಿದ್ದುದೂ ಐಶ್ವರ್ಯ ಓದುತ್ತಿದ್ದುದೂ ಅದೇ ಖೋಲಿಯಲ್ಲಿ. ಪಿಯುಸಿ ಮೊದಲ ವರ್ಷದ ಹುಡುಗಿ. ಫೋನಿನಲ್ಲಿ ಪಾಠ ಕೇಳಬೇಕು. ಪಡಸಾಲೆಯಲ್ಲಿ ಟಿವಿ, ಬಂದುಹೋಗುವವರು. “ಊರಿಗೆಲ್ಲಾ ನೆಟ್ ಕೊಡ್ತಿ, ನನಗೊಬ್ಬಾಕಿಗೆ ಕೊಡಾಕ ಆಗವಲ್ತು ನೋಡಪಾ” ಎಂದು ಅವಳು ದಿನಾ ಹಂಗಿಸುತ್ತಿದ್ದಳು. ಒಂದು ಹಳೆಯ ರೂಟರ್ ಸಿಕ್ಕರೆ ಅರ್ಧ ತಾಸಿನ ಕೆಲಸ. ಪಡಸಾಲೆಯಿಂದ ಒಂದು ವೈರು ಎಳೆದು ಅದಕ್ಕೆ ಚುಚ್ಚಿದರೆ ಅದು ಹಿಂದಿನ ಖೋಲಿಗೂ ವೈಫೈ ಬೀರುತ್ತದೆ. ಇವತ್ತು ನಾಳೆ ಅನ್ನುತ್ತ ಬೇಸಿಗೆ ಹೋಯಿತು, ಮಳೆಗಾಲವೂ ಹೋಯಿತು.

ದೀಪಾವಳಿ ಮುಗಿದ ವಾರ ಅಯ್ಯಮ್ಮನವರ ಮನೆಯಿಂದ ಕರೆ ಬಂತು.

ಅಯ್ಯಮ್ಮ ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಗಂಡ ಮಲ್ಲೇಶ ಮಾಸ್ತರರು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಊರ ಹೊರಗಿನ ಬಡಾವಣೆಯಲ್ಲಿ ಅಚ್ಚುಕಟ್ಟಾದ ಮನೆ ಕಟ್ಟಿಸಿ ಬಾಗಿಲ ಮೇಲೆ ‘ಮೈತ್ರಿ ನಿಲಯ’ ಎಂದು ಬರೆಸಿದ್ದರು. ವೈಫೈಗೂ ಅದೇ ಹೆಸರು. ಅಲ್ಲಿ ಹಳೆಯ ಲೈನು ತೆಗೆದು ಹೊಸ ಫೈಬರ್ ಲೈನು ಹಾಕುವುದಿತ್ತು. ಹೊಸ ಡಬ್ಬಿಯೊಳಗೇ ವೈಫೈ ಇರುವುದರಿಂದ ಮಾಸ್ತರರು ಹಿಂದೆ ಕೊಂಡಿದ್ದ ರೂಟರ್ ಬಿಡುವಾಯಿತು. ಫೋನುಗಳು ತಾವಾಗಿಯೇ ಹಿಡಿಯಲಿ ಎಂದು ಸಂಗನಬಸವ ಹೊಸ ಡಬ್ಬಿಗೂ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಹಾಕಿದ.

ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ. ಅದರ ಕೆಳಗೆ ನಿಂತು ಅಯ್ಯಮ್ಮ ಕೇಳಿದರು:

“ಸಂಗನಬಸವ ಅವರ, ಈ ಹಳೇದನ್ನ ಹಿಂದಿನ ಖೋಲ್ಯಾಗ ಹಾಕಾಕ ಬರ್ತೈತೇನ್ರಿ? ನಮ್ಮ ಮಾಸ್ತರಿಗೆ ಶ್ರಾವಣದಾಗ ಲಕ್ವ ಹೊಡೀತು. ಮಾತು ನಿಂತಾವ. ರಾಯಚೂರಿನ ಶೈಲಜಾ ಡಾಕ್ಟರು ವಿಡಿಯೋದಾಗ ಮಾತು ಕಲಿಸ್ತಾರ. ಅವರು ಮಲಗೂ ಖೋಲ್ಯಾಗ ವೈಫೈನೂ ಹಿಡ್ಯಂಗಿಲ್ಲ, ಫೋನಿನ ನೆಟ್ಟೂ ಹಿಡ್ಯಂಗಿಲ್ಲ.”

ಸಂಗನಬಸವನ ಕೈಯಲ್ಲಿ ಆ ರೂಟರ್ ಇತ್ತು. ಧೂಳು ಸಹ ಕೂತಿರಲಿಲ್ಲ, ಅಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದ ಸಾಮಾನು. ಅವನಿಗೆ ತಟ್ಟನೆ ಮಗಳು ನೆನಪಾದಳು. ಬಾಯಿ ತಾನಾಗಿಯೇ ತೆರೆಯಿತು.

“ಇದು ಕೆಟ್ಟೈತ್ರಿ ಅಕ್ಕಾರ. ಒಳಗ ಸುಟ್ಟೈತಿ. ಹಚ್ಚಿದ್ರೂ ಉಪಯೋಗಿಲ್ಲ. ಕಚೇರಿಗೆ ಒಯ್ದು ಕಸಕ್ಕ ಹಾಕ್ತೀನಿ ಬಿಡ್ರಿ.”

“ನಿನ್ನೀತನಕಾ ನಡೀತಿತ್ತಲ್ರಿ?”

“ನಿನ್ನೀತನಕಾ ನಡೀತಿರ್ತಾವ್ರಿ. ತೆಗದ ಮ್ಯಾಲ ಗೊತ್ತಾಗತೈತಿ.”

ಅಯ್ಯಮ್ಮ ಒಂದು ಕ್ಷಣ ಅವನ ಮುಖ ನೋಡಿ, “ಹಂಗಾದ್ರ ಒಯ್ರಿ. ಮಾಸ್ತರ್ನ ಪಡಸಾಲಿಗೇ ತಂದು ಕೂಡಸ್ತೀನಿ” ಎಂದರು. ಸಂಗನಬಸವ ರೂಟರನ್ನು ಚೀಲಕ್ಕೆ ಹಾಕಿಕೊಂಡು ಹೊರಬಿದ್ದ.

ಆ ಭಾನುವಾರ ಬೆಳಿಗ್ಗೆ ಅವನು ಅದನ್ನು ತನ್ನ ಮನೆಯಲ್ಲಿ ಜೋಡಿಸಿದ. ದೊಡ್ಡ ರೂಟರಿಗೂ ಇದಕ್ಕೂ ಒಂದೇ ವಿಳಾಸ ಇದ್ದರೆ ಎರಡೂ ಜಗಳಾಡುತ್ತವೆಂದು ಇದರ ವಿಳಾಸ ಬದಲಿಸಿದ. ಮನೆಯ ಫೋನುಗಳಿಗೆ ನಂಬರು ಹಂಚುವ ಕೆಲಸ ದೊಡ್ಡದರದ್ದೇ ಆಗಿರಲಿ ಎಂದು ಇದರಲ್ಲಿ ಅದನ್ನು ನಿಲ್ಲಿಸಿದ. ಪಡಸಾಲೆಯಿಂದ ತೊಲೆಯ ಗುಂಟ ವೈರು ಎಳೆದು ತಂದು, ಹಿಂದಿನ ಖೋಲಿಯ ಗೋಡೆಯಲ್ಲಿನ ಗೂಡಿನಂಥ ಮಾಡದಲ್ಲಿ ಇಟ್ಟು ಚುಚ್ಚಿದ. ಹಸಿರು ದೀಪ ಹತ್ತಿತು. ಹೆಸರು ‘ಮೈತ್ರಿ ನಿಲಯ’ ಎಂದೇ ಇತ್ತು. ಹತ್ತು ಗಂಟೆಗೆ ಮಗಳ ಪಾಠವಿದ್ದುದರಿಂದ ಹೆಸರು ಆಮೇಲೆ ಬದಲಿಸಿದರಾಯಿತು ಎಂದು ಪಾಸ್‌ವರ್ಡ್ ಹೇಳಿಬಿಟ್ಟ. ಆ ‘ಆಮೇಲೆ’ ಬರಲೇ ಇಲ್ಲ. ಮಹೇಶ್ವರಿ, “ಎಲ್ಲಿಂದ ತಂದ್ರಿ?” ಎಂದು ಕೇಳಿದ್ದಕ್ಕೆ, “ಕಚೇರ್ಯಾಗ ಬಿದ್ದಿತ್ತು” ಎಂದ. ಐಶ್ವರ್ಯ ಅಪ್ಪನ ಬೆನ್ನಿಗೆ ಗುದ್ದಿ ನಕ್ಕಳು. ಅವನಿಗೂ ಸಂತೋಷವೇ ಆಯಿತು. ಮಲ್ಲೇಶ ಮಾಸ್ತರರ ವಿಷಯ ಅವನ ತಲೆಗೆ ಬರಲಿಲ್ಲ ಎಂದಲ್ಲ. ಬಂದಾಗಲೆಲ್ಲ ಅವನು ಬೇರೆ ಏನಾದರೂ ಕೆಲಸ ಹಿಡಿಯುತ್ತಿದ್ದ.

ಐದು ತಿಂಗಳು ಹೀಗೆ ನಡೆಯಿತು. ಯುಗಾದಿ ಕಳೆದ ಮೇಲೆ ಪಂಪಮ್ಮನ ಕಾಲಿನ ಹೆಬ್ಬೆರಳಲ್ಲಿ ಹುಣ್ಣಾಯಿತು. ಸಕ್ಕರೆ ಕಾಯಿಲೆಯ ಮುದುಕಿ. ದಿನ ಬಿಟ್ಟು ದಿನ ಹುಣ್ಣು ತೊಳೆದು ಪಟ್ಟಿ ಕಟ್ಟಬೇಕೆಂದು ಡಾಕ್ಟರು ಹೇಳಿದರು. ಪಕ್ಕದ ಮನೆಯ ಗ್ಯಾನಮ್ಮ, “ನಿವೃತ್ತಿ ಆದ ನರ್ಸಕ್ಕಾರು ಒಬ್ರು ಅದಾರ, ಬಾಳ ಚೊಲೋ ಕೈ” ಎಂದು ಮಹೇಶ್ವರಿಗೆ ನಂಬರು ಕೊಟ್ಟಳು. ಮಹೇಶ್ವರಿ ಗಂಡನಿಗೆ, “ನರ್ಸಕ್ಕಾರು ಬರ್ತಾರಂತ” ಎಂದಷ್ಟೇ ಹೇಳಿದ್ದಳು.

ಮಧ್ಯಾಹ್ನ ಊಟಕ್ಕೆಂದು ಬಂದ ಸಂಗನಬಸವ ಹಿಂದಿನ ಖೋಲಿಗೆ ಕಾಲಿಟ್ಟ. ನೆಲದ ಮೇಲೆ ಕೂತು ತಾಯಿಯ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಹತ್ತಿಯಿಂದ ಕೀವು ಒರೆಸುತ್ತಿದ್ದವರು ಅಯ್ಯಮ್ಮ.

“ಓ, ನಿಮ್ಮ ಮನೀನಾ ಇದು?” ಎಂದು ಅವರು ನಕ್ಕರು. ಅವನು ನಮಸ್ಕಾರ ಎಂದ. ಮಾಡದ ಕಡೆ ನೋಡಬಾರದು ಎಂದುಕೊಂಡು ಮಾಡದ ಕಡೆಯೇ ನೋಡಿದ. ಅಷ್ಟರಲ್ಲಿ ಅಯ್ಯಮ್ಮನವರ ಚೀಲದೊಳಗಿನ ಫೋನು ಟಣ್ ಟಣ್ ಎಂದು ಒಂದರ ಹಿಂದೊಂದು ಬಾರಿಸತೊಡಗಿತು.

“ಇದೇನಿದು, ನೆಟ್ ಬಂದ್ ಮಾಡೀನಲ್ಲ” ಎಂದು ಅವರು ಕೈಗವಸು ತೆಗೆದು ಫೋನು ನೋಡಿದರು. “ಮೈತ್ರಿ ನಿಲಯ ಅಂತ ತೋರ್ಸಾಕತ್ತೈತಿ. ನಮ್ಮ ಮನೀ ವೈಫೈ ಇಷ್ಟು ದೂರ ಬರ್ತೈತೇನ್ರಿ? ನಮ್ಮ ಹಿಂದಿನ ಖೋಲಿಗೇ ಬರಂಗಿಲ್ಲಲ್ಲ ಅದು!”

ಅವರು ಅದನ್ನು ಚುಚ್ಚಿ ಹೇಳಿದ್ದಲ್ಲ, ನಿಜವಾಗಿಯೂ ಅಚ್ಚರಿಪಟ್ಟು ಕೇಳಿದ್ದರು. ಸಂಗನಬಸವ ಏನಾದರೂ ಹೇಳುವ ಮೊದಲೇ ಮಂಚದ ತುದಿಗೆ ಕೂತಿದ್ದ ಐಶ್ವರ್ಯ ಉತ್ಸಾಹದಿಂದ, “ಅದು ನಮ್ದು ಆಂಟಿ! ಕಚೇರ್ಯಾಗ ಬಿದ್ದಿದ್ದ ಹಳೇ ರೂಟರ್ ತಂದು ನಮ್ಮಪ್ಪ ಜೋಡ್ಸ್ಯಾನ. ನೋಡ್ರಿ, ಅಲ್ಲಿ ಮ್ಯಾಲ ಐತಲ್ಲ” ಎಂದು ಬೆರಳು ಮಾಡಿದಳು.

ಅಯ್ಯಮ್ಮ ತಲೆಯೆತ್ತಿ ನೋಡಿದರು. ರೂಟರಿನ ಮೈಮೇಲೆ ಮಲ್ಲೇಶ ಮಾಸ್ತರರು ಕೊಂಡ ದಿನಾಂಕವನ್ನು ತಮ್ಮ ದುಂಡು ಅಕ್ಷರದಲ್ಲಿ ಬರೆದು ಅಂಟಿಸಿದ್ದ ಚೀಟಿ ಹಾಗೇ ಇತ್ತು. ಅವರು ಅದನ್ನು ಓದಿದರೋ ಇಲ್ಲವೋ, ನೋಡುತ್ತ ಇದ್ದದ್ದು ಬಹಳ ಹೊತ್ತು ಅನ್ನಿಸಿತು ಸಂಗನಬಸವನಿಗೆ. ಆಮೇಲೆ ಹೊಸ ಕೈಗವಸು ಹಾಕಿಕೊಂಡು ಮತ್ತೆ ಪಂಪಮ್ಮನ ಕಾಲು ಎತ್ತಿಕೊಂಡರು. ಔಷಧಿ ಹಚ್ಚಿದರು, ಪಟ್ಟಿ ಸುತ್ತಿದರು, ಗಂಟು ಬಿಗಿಯಾಯಿತೇ ಎಂದು ಮುದುಕಿಯನ್ನು ಕೇಳಿದರು. “ನಾಡದ ಬರ್ತೀನವ್ವಾ. ನೀರು ತಾಗಸಬ್ಯಾಡ್ರಿ” ಎಂದು ಹೇಳಿ, ಅವನ ಪಕ್ಕದಲ್ಲೇ ಹಾದು ಹೊರಗೆ ಹೋದರು.

ಬೈದಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ಏನೋ ಒಂದು ನೆಪ ಹೇಳುತ್ತಿದ್ದ.

ಅಂದು ಸಂಜೆ ಅವನು ಮಾಡಿದ ಕೆಲಸ ಅವನನ್ನು ಇನ್ನೂ ಕೆಳಕ್ಕೆ ತಳ್ಳಿತು. ಯಾರೂ ನೋಡದಾಗ ಖೋಲಿಗೆ ಹೋಗಿ, ರೂಟರಿನ ಹೆಸರು, ಪಾಸ್‌ವರ್ಡ್ ಎರಡನ್ನೂ ಬದಲಿಸಿದ. ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ. ಅಂಟು ಬಿಡದೆ ಬೆರಳಿಗೆ ಮೆತ್ತಿಕೊಂಡಿತು. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದ. ತಿಕ್ಕುತ್ತಿರುವಾಗಲೇ, ಯಾರಿಂದ ಮುಚ್ಚಿಡುತ್ತಿದ್ದೇನೆ ಎಂಬ ಪ್ರಶ್ನೆ ಎದ್ದಿತು. ನೋಡಬೇಕಾದವರು ನೋಡಿ ಆಗಿತ್ತು.

ಅಯ್ಯಮ್ಮ ಮಾತಿನಂತೆ ಮೂರನೆಯ ದಿನ ಬಂದರು, ಐದನೆಯ ದಿನವೂ ಬಂದರು. ಅವರು ಬರುವ ಹೊತ್ತಿಗೆ ಸಂಗನಬಸವ ಲಿಂಗಸುಗೂರಿನಲ್ಲೋ ಗುರುಗುಂಟಾದಲ್ಲೋ ಕೆಲಸ ಹುಡುಕಿಕೊಂಡು ಹೋಗಿರುತ್ತಿದ್ದ. ಒಂದು ದಿನ ಬೈಕಿನಲ್ಲಿ ಹೋಗುತ್ತಿರುವಾಗ ಅಡತಿ ವ್ಯಾಪಾರಿ ಶಿವಶರಣಪ್ಪನವರ ಮನೆ ಕಂಡಿತು. ಅದೇ ದೀಪಾವಳಿಯ ಹಿಂದಿನ ವಾರ ಅವರ ಮನೆಗೂ ಹೊಸ ಲೈನು ಹಾಕಿದ್ದ. ಅವರ ಹಳೆಯ ರೂಟರನ್ನು ಅವರು ಕೇಳುವ ಮೊದಲೇ ಮಹಡಿಯ ಮೇಲೆ ಜೋಡಿಸಿಕೊಟ್ಟು, ಅವರು ಕೊಟ್ಟ ಚಹಾ ಕುಡಿದು ಬಂದಿದ್ದ. ಬೈಕು ನಿಧಾನವಾಯಿತು. ಅಲ್ಲಿ ಕೇಳದೆಯೇ ಮಾಡಿದ ಕೆಲಸವನ್ನು ಮೈತ್ರಿ ನಿಲಯದಲ್ಲಿ ಬಾಯಿಬಿಟ್ಟು ಕೇಳಿದರೂ ಯಾಕೆ ಮಾಡಲಿಲ್ಲ? ಮಗಳಿಗಾಗಿ ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದ. ಮಗಳು ಶಿವಶರಣಪ್ಪನವರ ಮನೆಯಲ್ಲಿ ಯಾಕೆ ನೆನಪಾಗಲಿಲ್ಲ? ಅಲ್ಲಿ ಸುಳ್ಳು ಹೇಳಿದರೆ ನಾಳೆ ಕೇಳುವವರಿದ್ದಾರೆ, ಇಲ್ಲಿ ಯಾರು ಕೇಳುತ್ತಾರೆ ಎಂದು ಒಳಗೆಲ್ಲೋ ಲೆಕ್ಕ ಹಾಕಿಯೇ ಬಾಯಿ ತೆರೆದಿತ್ತು. ಅವರು ಯಾರ ಪೈಕಿ ಎಂಬುದನ್ನೂ ಆ ಲೆಕ್ಕದಲ್ಲಿ ಹಿಡಿದಿದ್ದ. ಅದನ್ನು ಒಪ್ಪಿಕೊಂಡ ಕ್ಷಣ ಕಿವಿಯವರೆಗೆ ಬಿಸಿಯೇರಿತು. ರಸ್ತೆಯ ಬದಿಗೆ ಬೈಕು ನಿಲ್ಲಿಸಿ, ಫೋನು ನೋಡುವವನಂತೆ ಸುಮ್ಮನೆ ನಿಂತ.

ಮನೆಗೆ ಬಂದರೆ ಐಶ್ವರ್ಯ ಬಾಗಿಲಲ್ಲೇ ಇದ್ದಳು.

“ಅಪ್ಪಾ, ಅವತ್ತು ವೈಫೈ ಹೆಸರು ಯಾಕ ಬದ್ಲಿ ಮಾಡ್ದಿ?”

“ಸುಮ್ನ. ಬ್ಯಾರೆ ಹೆಸರಿತ್ತಲ್ಲ.”

“ನರ್ಸಾಂಟಿ ಮನಿ ಹೆಸರು ಮೈತ್ರಿ ನಿಲಯ ಅಂತ. ಗ್ಯಾನಮ್ಮಜ್ಜಿ ಹೇಳಿದ್ಲು.” ಅವಳ ದನಿ ಸಣ್ಣಗಾಯಿತು. “ಅದು ಅವರದಾ?”

ಸಂಗನಬಸವ, “ಕೆಟ್ಟಿತ್ತವ್ವಾ ಅದು, ರಿಪೇರಿ...” ಎಂದು ಶುರುಮಾಡಿದ. ಮಗಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. “ಹೌದು” ಎಂದ.

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಪುಸ್ತಕ, ಫೋನು ಎತ್ತಿಕೊಂಡು ಬಂದು, ಟಿವಿಯ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಕೂತು ಓದತೊಡಗಿದಳು. ಅವ್ವನಿಗೆ ಏನೂ ಹೇಳಲಿಲ್ಲ. ಸಂಗನಬಸವ ಮಾಡದಿಂದ ರೂಟರನ್ನು ಇಳಿಸಿ, ವೈರು ಸುತ್ತಿ, ಚೀಲಕ್ಕೆ ಹಾಕಿದ.

ಮರುದಿನ ಬೆಳಿಗ್ಗೆ ಮೈತ್ರಿ ನಿಲಯದ ಮುಂದೆ ಬೈಕು ನಿಲ್ಲಿಸಿದಾಗ ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಗಾಲಿಕುರ್ಚಿಯ ಮೇಲೆ ಮಲ್ಲೇಶ ಮಾಸ್ತರರು ಕೂತಿದ್ದರು, ಬಾಯಿಯ ಒಂದು ಮೂಲೆ ಕೆಳಗೆ ಜಗ್ಗಿತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಹಳೆಯ ವಿದ್ಯಾರ್ಥಿ, “ನಮಸ್ಕಾರ್ರೀ ಸರ್” ಎಂದು ಕೂಗಿ ಹೋದ. ಮಾಸ್ತರರು ಮುಖವನ್ನು ಒಳಗೋಡೆಯ ಕಡೆ ತಿರುಗಿಸಿಕೊಂಡರು.

ಅಯ್ಯಮ್ಮ ಒಳಗಿನಿಂದ ಬಂದು, “ಕಾಲು ಹ್ಯಾಂಗೈತಿ ನಿಮ್ಮವ್ವನ್ದು?” ಎಂದು ಕೇಳಿದರು.

“ಆರಾಮಾಗಾಕತ್ತೈತ್ರಿ.” ಅವನು ನಿಂತೇ ಇದ್ದ. ಚೀಲದಿಂದ ರೂಟರ್ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ. “ಅಕ್ಕಾರ, ಇದು ಕೆಟ್ಟಿರಲಿಲ್ರಿ.”

“ಗೊತ್ತೈತಿ.”

“ಸುಳ್ಳು ಹೇಳಿ ಒಯ್ದೆ.”

“ಅದೂ ಗೊತ್ತಾತು.” ಅವರು ಕುರ್ಚಿ ತೋರಿಸಲಿಲ್ಲ. “ಮೊದಲು ನಿಮಗೊಂದು ಮಾತು ಹೇಳಬೇಕ್ರಿ. ಡಾಕ್ಟರು ವಿಡಿಯೋದಾಗ ಬಂದು ‘ಆ’ ಅನ್ರಿ, ‘ಊ’ ಅನ್ರಿ ಅಂತಾರ. ಇವರು ನಲವತ್ತು ವರ್ಷ ಊರ ಮಕ್ಕಳಿಗೆ ಪಾಠ ಹೇಳಿದವರು. ಈ ಪಡಸಾಲ್ಯಾಗ ಕುಂತು, ದಾರ್ಯಾಗ ಹೋಗೋರ ಮುಂದ, ಸಣ್ಣ ಕೂಸಿನಂಗ ಊ ಅನ್ನಾಕ ಇವರಿಗೆ ನಾಚಿಕಿ. ಬಾಗ್ಲಾ ಹಾಕಿದ್ರೂ ಕಿಡಕಿ ಅದಾವ. ನಾಕು ದಿನ ನೋಡಿದ್ರು. ಆಮ್ಯಾಲ ಬಾಯಿ ಬಿಗಿಹಿಡದು ಕುಂತುಬಿಟ್ರು. ಐದು ತಿಂಗಳಾತು. ಹಚ್ಚಿದ್ರೂ ಉಪಯೋಗಿಲ್ಲ ಅಂತ ನೀವಂದಿದ್ರಿ, ಅದಕ್ಕ ಬ್ಯಾರೇದು ತರೂದನ್ನೂ ಬಿಟ್ಟೆ. ಮೊದಲಿನ ಆರು ತಿಂಗಳೇ ಬಾಳ ಮುಖ್ಯ ಅಂತ ಡಾಕ್ಟರು ಬಡಕೊಂಡ್ರು.”

ಇಲ್ಲಿಯವರೆಗೂ ಸಂಗನಬಸವ ತಾನು ಕದ್ದದ್ದು ಒಂದು ಪ್ಲಾಸ್ಟಿಕ್ ಡಬ್ಬಿ ಎಂದುಕೊಂಡಿದ್ದ. ಮಾಸ್ತರರು ಈಗ ಅವನನ್ನೇ ನೋಡುತ್ತಿದ್ದರು. ಮಾತು ಹೋಗಿತ್ತೇ ಹೊರತು ಕಿವಿ, ಕಣ್ಣು, ತಿಳಿವಳಿಕೆ ಎಲ್ಲವೂ ಸರಿಯಾಗಿದ್ದವು. ಅವನು ಆ ನೋಟದ ಎದುರು ನೆಲ ನೋಡಿದ.

“ಈಗ್ಲೇ ಹಾಕಿಕೊಡ್ತೀನ್ರಿ” ಎಂದ.

“ಹಾಕಿಕೊಡೂದು ಬ್ಯಾಡ,” ಎಂದರು ಅಯ್ಯಮ್ಮ. “ಹ್ಯಾಂಗ ಹಾಕೂದು ಅಂತ ಹೇಳಿಕೊಡ್ರಿ. ನಾನ ಹಾಕ್ತೀನಿ. ಮತ್ತ ಯಾರನ್ನೂ ಕರಿಯೂದು ಬೀಳಬಾರ್ದು ನೋಡ್ರಿ, ಅದಕ್ಕ.”

ಅವರು ಒಂದು ನೋಟ್‌ಬುಕ್ಕು, ಪೆನ್ನು ತಂದರು. ಊಟದ ಮೇಜಿನ ಮೇಲೆ ರೂಟರ್ ಇಟ್ಟುಕೊಂಡು ಇಬ್ಬರೂ ಎದುರುಬದುರು ಕೂತರು. ಹಿಂದಿನ ಸಣ್ಣ ತೂತನ್ನು ಪಿನ್ನಿನಿಂದ ಒತ್ತಿಹಿಡಿದು ಹಳೆಯದನ್ನೆಲ್ಲ ಅಳಿಸುವುದು ಹೇಗೆ, ಫೋನಿನಿಂದ ಅದರ ಒಳಪುಟ ತೆರೆಯುವುದು ಹೇಗೆ ಎಂದು ಅವನು ಹೇಳುತ್ತ ಹೋದ. ಅಯ್ಯಮ್ಮ ಪ್ರತಿಯೊಂದನ್ನೂ ಬರೆದುಕೊಂಡರು. ವೈರನ್ನು ಬೇರೆ ಬಣ್ಣದ ತೂತಿಗೆ ಹಾಕದೆ ಈ ನಾಲ್ಕರಲ್ಲಿ ಒಂದಕ್ಕೇ ಹಾಕಬೇಕು ಎಂದಾಗ, “ಯಾಕ?” ಎಂದು ಕೇಳಿದರು. ವಿಳಾಸ ಬದಲಿಸಬೇಕು ಎಂದಾಗಲೂ, “ಯಾಕ?” ಎಂದರು. ಅವನ ಇಪ್ಪತ್ತೈದು ವರ್ಷದ ಕಸುಬಿನಲ್ಲಿ ಯಾವ ಗಿರಾಕಿಯೂ ಹೀಗೆ ಕೇಳಿರಲಿಲ್ಲ. ಅವನ ಮಾತನ್ನೇ ನಂಬುತ್ತಿದ್ದರು. ಒಂದು ಕಡೆ ಅವನ ಕೈ ಅಭ್ಯಾಸಬಲದಿಂದ ರೂಟರಿನ ಕಡೆ ಹೋಯಿತು. “ಕೈ ಹಚ್ಚಬ್ಯಾಡ್ರಿ, ಹೇಳ್ರಿ ಸಾಕು” ಎಂದರು. ಅವನು ಕೈಯನ್ನು ಹಿಂದಕ್ಕೆ ಎಳೆದು ತೊಡೆಯ ಮೇಲೆ ಇಟ್ಟುಕೊಂಡ.

ಮೊದಲ ಸಲ ಏನೋ ತಪ್ಪಿ ಎರಡೂ ಡಬ್ಬಿಗಳು ನಿಂತವು. ಮತ್ತೆ ಅಳಿಸಿ ಮೊದಲಿನಿಂದ ಮಾಡಿದರು. ಅವನು ಚೀಲದಲ್ಲಿ ತಂದಿದ್ದ ವೈರನ್ನು ಅಯ್ಯಮ್ಮನವರೇ ಹಿಂದಿನ ಖೋಲಿಯವರೆಗೆ ಎಳೆದರು. ಹನ್ನೊಂದು ಗಂಟೆಯ ಸುಮಾರಿಗೆ ಹಿಂದಿನ ಖೋಲಿಯಲ್ಲಿ ದೀಪ ಹತ್ತಿತು. ಅಯ್ಯಮ್ಮ ಗಂಡನ ಕುರ್ಚಿಯನ್ನು ಒಳಗೆ ತಳ್ಳಿಕೊಂಡು ಹೋಗಿ, ಕಿಡಕಿಯ ಪರದೆ ಎಳೆದು, ಡಾಕ್ಟರಿಗೆ ಫೋನು ಮಾಡಿದರು. ಬಾಗಿಲು ಮುಚ್ಚಿಕೊಂಡಿತು. ಸಂಗನಬಸವ ಚಪ್ಪಲಿ ಮೆಟ್ಟಲು ಹೊರಟವನು ಅಲ್ಲೇ ನಿಂತ. ಡಾಕ್ಟರಮ್ಮನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. “ಆ ಅನ್ರಿ ಸರ್... ಅವಸರ ಇಲ್ಲ... ಆ...” ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಗಂಟಲು ಕೆರೆದಂಥ ಒಂದು ದನಿ, ಅರ್ಧಕ್ಕೇ ಮುರಿದದ್ದು. ಅದನ್ನು ಕೇಳುವ ಹಕ್ಕು ತನಗಿಲ್ಲ ಅನ್ನಿಸಿ ಅವನು ಬೇಗ ಬೇಗ ಹೊರಬಿದ್ದ.

ಪಂಪಮ್ಮನ ಹುಣ್ಣು ಮಾಯಲು ಇನ್ನೂ ಎರಡು ತಿಂಗಳು ಹಿಡಿಯಿತು. ಅಯ್ಯಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಸಂಗನಬಸವ ಈಗ ಅವರು ಬರುವ ಹೊತ್ತಿಗೆ ಮನೆಯಲ್ಲೇ ಇರುತ್ತಿದ್ದ. ಬಿಸಿನೀರು ತಂದಿಡುತ್ತಿದ್ದ, ಕೀವಿನ ಹತ್ತಿಯನ್ನು ತಾನೇ ಎತ್ತಿ ಹಾಕುತ್ತಿದ್ದ. ಅವರು ಬೇಕಾದಷ್ಟು ಮಾತಾಡುತ್ತಿದ್ದರು, ಅದಕ್ಕಿಂತ ಹೆಚ್ಚಿಲ್ಲ.

ಕೊನೆಯ ದಿನ ಪಟ್ಟಿ ಬಿಚ್ಚುತ್ತ ಅವರು ಪಂಪಮ್ಮನ ಜೊತೆ ಮಾತಾಡುವುದು ನಡುಮನೆಯಲ್ಲಿ ಉಣ್ಣುತ್ತಿದ್ದ ಅವನ ಕಿವಿಗೆ ಬಿತ್ತು.

“ಈಗ ಯಜಮಾನ್ರು ಹ್ಯಾಂಗದಾರವ್ವಾ?” ಎಂದು ಪಂಪಮ್ಮ ಕೇಳಿದಳು.

“ನೀರು ಅಂತಾರ. ನನ್ನ ಹೆಸರು ಅರ್ಧ ಅಂತಾರ. ಜಲ್ದಿ ಶುರು ಮಾಡಿದ್ರ ಪೂರಾ ಬರ್ತಿತ್ತೇನೋ ಅಂತಾರ ಡಾಕ್ಟರು. ಇರ್ಲಿ, ಬಂದಷ್ಟು ಬರ್ಲಿ.”

“ತಡಾ ಯಾಕಾತು?”

ಕತ್ತರಿ ಕೆಳಗಿಟ್ಟ ಸದ್ದಾಯಿತು. “ಹಿಂಗ ಏನೋ ಆತವ್ವಾ,” ಎಂದರು ಅಯ್ಯಮ್ಮ.

ಅವರು ಹೋದ ಮೇಲೆ ಮಹೇಶ್ವರಿ ತಟ್ಟೆ ನೋಡಿ, “ಅರ್ಧಕ್ಕ ಯಾಕ ಬಿಟ್ರಿ? ಆರಾಮಿಲ್ಲೇನು?” ಎಂದು ಕೇಳಿದಳು. ಪಡಸಾಲೆಯಲ್ಲಿ ಓದುತ್ತಿದ್ದ ಐಶ್ವರ್ಯ ತಲೆಯೆತ್ತಿದಳು. ಸಂಗನಬಸವ ಕೈ ತೊಳೆದುಕೊಂಡು ಬಂದ. ಹೆಂಡತಿಯನ್ನು ಕರೆದುಕೊಂಡು ಹಿಂದಿನ ಖೋಲಿಗೆ ಹೋಗಿ, ತಾಯಿಯ ಮಂಚದ ಪಕ್ಕ ನೆಲದ ಮೇಲೆ ಕೂತ. “ಯವ್ವಾ, ನೀನೂ ಕೇಳು” ಎಂದ. ಕಚೇರಿಯಲ್ಲಿ ಯಾವ ರೂಟರೂ ಬಿದ್ದಿರಲಿಲ್ಲ ಎಂಬಲ್ಲಿಂದ ಶುರುಮಾಡಿ, ಏನನ್ನೂ ಬಿಡದೆ ಹೇಳಿದ.